ಬೀಸುವ ಪದ ನೆನಪಿದೆ, ಉಂಡದ್ದು ನೆನಪಿಲ್ಲ: ಮಿದುಳಿನಲ್ಲಿ ನೆನಪಿನ ಕೆಲಸ ಹೇಗೆ ನಡೆಯುತ್ತದೆ?

ಪ್ರಶ್ನೆ: ನಾವು ಜಮಖಂಡಿ ತಾಲೂಕಿನ ಹಳ್ಳಿಯವರು. ನಮ್ಮ ಅತ್ತೆಯವರಿಗೆ ಎಪ್ಪತ್ತೈದು ದಾಟಿದೆ. ಒಂದೂವರೆ ವರ್ಷದಿಂದ ಮರೆವು ಹೆಚ್ಚಾಗಿದೆ. ಉಂಡು ಕೈ ತೊಳೆದು ಅರ್ಧ ಗಂಟೆಯಾಗುವಷ್ಟರಲ್ಲಿ ‘ನನಗ ಇವತ್ತ ಊಟಕ್ಕ ಹಾಕಲಿಲ್ಲೇನವ್ವಾ’ ಎಂದು ಕೇಳುತ್ತಾರೆ. ಆದರೆ ಬೀಸುವ ಪದಗಳನ್ನು ಒಂದು ನುಡಿಯೂ ತಪ್ಪದೆ ಹಾಡುತ್ತಾರೆ, ತಮ್ಮ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರೆಂದು ಹೇಳುತ್ತಾರೆ, ರೊಟ್ಟಿಯನ್ನು ನನಗಿಂತ ಚೆನ್ನಾಗಿ ಬಡಿಯುತ್ತಾರೆ. ಎಲೆ ಅಡಿಕೆಯ ಸಂಚಿ ಸಿಗದಿದ್ದರೆ, ಅದರಲ್ಲಿದ್ದ ದುಡ್ಡಿಗಾಗಿ ನಾನೇ ತೆಗೆದೆನೆಂದು ಓಣಿಯ ಮಂದಿಯ ಮುಂದೆ ಹೇಳುತ್ತಾರೆ. ಇದನ್ನೆಲ್ಲ ಬೇಕೆಂದೇ ಮಾಡುತ್ತಾರೆಯೇ? ಇನ್ನೊಂದು ಕಡೆ, ಹತ್ತನೆಯ ತರಗತಿಯಲ್ಲಿರುವ ನನ್ನ ಮಗ ರಾತ್ರಿ ಹನ್ನೆರಡರವರೆಗೆ ಓದಿದ್ದನ್ನು ಬೆಳಿಗ್ಗೆ ಕೇಳಿದರೆ ಹೇಳಲಾರ. ನೆನಪು ಮಿದುಳಿನಲ್ಲಿ ಎಲ್ಲಿರುತ್ತದೆ? ಹಳೆಯದು ಉಳಿದು ಹೊಸದು ಏಕೆ ಹೋಗುತ್ತದೆ?

ಉತ್ತರ: ನಿಮ್ಮ ಅತ್ತೆಯವರು ಬೇಕೆಂದು ಹೀಗೆ ಮಾಡುತ್ತಿಲ್ಲ. ಈ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಥಣಿ, ರಾಯಬಾಗ, ಮುಧೋಳ, ಇಂಡಿ, ಯಾವ ಕಡೆಯಿಂದ ಬೆಳಗಾವಿಗೆ ತೋರಿಸಲು ಬಂದ ಮನೆಯವರಾದರೂ ವೈದ್ಯರ ಮುಂದೆ ಕುಳಿತು ಮತ್ತೆ ಮತ್ತೆ ಕೇಳುವುದು ಇದನ್ನೇ: ಐವತ್ತು ವರ್ಷದ ಹಿಂದಿನದು ನೆನಪಿರುವವರಿಗೆ ಅರ್ಧ ಗಂಟೆಯ ಹಿಂದಿನದು ನೆನಪಿಲ್ಲವೆಂದರೆ ನಂಬುವುದು ಹೇಗೆ? ನೆನಪೆಂಬುದು ಒಂದೇ ಶಕ್ತಿ, ಅದು ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ, ವಯಸ್ಸಾದಂತೆ ಒಟ್ಟಾರೆ ಕುಂದುತ್ತದೆ ಎಂದು ನಾವು ತಿಳಿದುಕೊಂಡಿರುವುದರಿಂದಲೇ ಈ ಅನುಮಾನ ಹುಟ್ಟುತ್ತದೆ. ಅಂಥ ಒಂದೇ ಶಕ್ತಿಯಾಗಲಿ ಅದಕ್ಕೊಂದು ಪ್ರತ್ಯೇಕ ಕೋಣೆಯಾಗಲಿ ಮಿದುಳಿನಲ್ಲಿಲ್ಲ. ಈಗ ತಾನೇ ಕೇಳಿದ್ದನ್ನು ಹಿಡಿದಿಡುವುದು, ಇಂದು ನಡೆದದ್ದನ್ನು ನಾಳೆಗೆ ಉಳಿಸುವುದು, ಎಂದೋ ನಡೆದದ್ದನ್ನು ಎತ್ತಿ ಹೇಳುವುದು, ಕೈಗೆ ಬಂದ ಕೆಲಸವನ್ನು ಮಾಡುವುದು, ಇವು ಬೇರೆ ಬೇರೆ ಕೆಲಸಗಳು; ಇವನ್ನು ನಡೆಸುವ ಮಿದುಳಿನ ಭಾಗಗಳೂ ಬಹುಮಟ್ಟಿಗೆ ಬೇರೆ. ಹೀಗಾಗಿ ಒಂದು ಪೂರ್ತಿ ಕೆಟ್ಟುಹೋಗಿ ಇನ್ನೊಂದು ಪೂರ್ತಿ ಚೆನ್ನಾಗಿ ಉಳಿಯುವುದು ಸಾಧ್ಯ. ‘ಇವರಿಗೆ ನೆನಪು ಎಷ್ಟಿದೆ’ ಎಂದು ಕೇಳುವುದಕ್ಕಿಂತ ‘ಇವರಿಗೆ ಯಾವ ನೆನಪು ಉಳಿದಿದೆ, ಯಾವುದು ಉಳಿದಿಲ್ಲ’ ಎಂದು ಕೇಳಬೇಕು. ನಿಮ್ಮ ಮಗನ ವಿಷಯಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ಈ ತಿಳಿವಳಿಕೆ ವಿಜ್ಞಾನಕ್ಕೆ ಬಂದದ್ದು ಬಹಳ ಹಿಂದೇನೂ ಅಲ್ಲ. ಅದನ್ನು ಕೊಟ್ಟವನು ಒಬ್ಬ ರೋಗಿ. ಅಮೆರಿಕದ ಹೆನ್ರಿ ಮೋಲೈಸನ್ ಎಂಬವನಿಗೆ ಚಿಕ್ಕಂದಿನಿಂದ ಮೂರ್ಛೆರೋಗವಿತ್ತು. ಔಷಧಗಳಿಗೆ ಅದು ಬಗ್ಗಲಿಲ್ಲ. 1953ರಲ್ಲಿ, ಅವನಿಗೆ 27 ವರ್ಷವಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಬದಿಗಳಲ್ಲಿ, ಕಿವಿಯ ಮಟ್ಟದಲ್ಲಿ ಒಳಭಾಗಕ್ಕಿರುವ ಅಂಗಾಂಶವನ್ನು ತೆಗೆದುಹಾಕಿದರು. ಹಿಪ್ಪೋಕ್ಯಾಂಪಸ್ ಎಂಬ, ನಾಲ್ಕೈದು ಸೆಂಟಿಮೀಟರ್ ಉದ್ದದ ಬಾಗಿದ ಭಾಗದ ದೊಡ್ಡ ಪಾಲು ಅದರೊಂದಿಗೆ ಹೋಯಿತು. ಮೂರ್ಛೆ ಬಹಳಷ್ಟು ಹತೋಟಿಗೆ ಬಂದಿತು. ಆದರೆ ಆ ದಿನದಿಂದ 2008ರಲ್ಲಿ ತೀರಿಕೊಳ್ಳುವವರೆಗೆ, ಐವತ್ತೈದು ವರ್ಷ, ಹೆನ್ರಿಯ ಮನಸ್ಸಿನಲ್ಲಿ ಹೊಸ ಘಟನೆಯೊಂದು ಉಳಿಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ಉಂಡದ್ದು ನೆನಪಿಲ್ಲ, ಓದಿದ ಪತ್ರಿಕೆಯನ್ನೇ ಮತ್ತೆ ಹೊಸದೆಂಬಂತೆ ಓದುತ್ತಿದ್ದ, ವರ್ಷಗಟ್ಟಲೆ ತನ್ನನ್ನು ಪರೀಕ್ಷಿಸಲು ಬರುತ್ತಿದ್ದ ವಿಜ್ಞಾನಿಯನ್ನೇ ಪ್ರತಿಸಲ ಹೊಸಬರೆಂಬಂತೆ ಮಾತನಾಡಿಸುತ್ತಿದ್ದ. ಬುದ್ಧಿಗೆ ಮಾತ್ರ ಯಾವ ಕುಂದೂ ಬಂದಿರಲಿಲ್ಲ. ಮಾತು ಸರಿಯಾಗಿತ್ತು, ನಡತೆ ಸೌಮ್ಯವಾಗಿತ್ತು, ಬಾಲ್ಯದ ನೆನಪುಗಳಿದ್ದವು.

ಅವನನ್ನು ಬಹುಕಾಲ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿಯ ಎರಡು ಪರೀಕ್ಷೆಗಳನ್ನು ನೀವು ಗಮನವಿಟ್ಟು ನೋಡಬೇಕು. ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಅವುಗಳಲ್ಲಿ ಕಾಣುತ್ತದೆ.

ಮೊದಲನೆಯದು ಇದು. 584 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲು ಹೆನ್ರಿಗೆ ಹೇಳಲಾಯಿತು. ಹದಿನೈದು ನಿಮಿಷ ಕಳೆದು ಕೇಳಿದರೆ ಸರಿಯಾಗಿಯೇ ಹೇಳಿದ. ಹೇಗೆ ನೆನಪಿಟ್ಟೆ ಎಂದು ಕೇಳಿದಾಗ, ಐದು, ಎಂಟು, ನಾಲ್ಕು ಕೂಡಿದರೆ ಹದಿನೇಳು ಎಂಬಂತೆ ಏನೇನೋ ಲೆಕ್ಕ ಕಟ್ಟಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದುದಾಗಿ ವಿವರಿಸಿದ. ಒಂದೆರಡು ನಿಮಿಷದ ನಂತರ, ಗಮನ ಬೇರೆ ಕಡೆ ಹರಿದ ಮೇಲೆ, ಸಂಖ್ಯೆಯಿರಲಿ, ತನಗೊಂದು ಸಂಖ್ಯೆ ಕೊಟ್ಟಿದ್ದರೆಂಬುದೇ ಅವನಿಗೆ ನೆನಪಿರಲಿಲ್ಲ. ಗಮನ ಇರುವಷ್ಟು ಹೊತ್ತು ಹಿಡಿದಿಡುವ ನೆನಪು ಅವನಲ್ಲಿತ್ತು, ಅದನ್ನು ಬಾಳುವ ನೆನಪಾಗಿ ಮಾಡುವ ಭಾಗ ಇರಲಿಲ್ಲ. ಬ್ಯಾಂಕಿನ ಒಟಿಪಿಯ ಆರು ಅಂಕಿಗಳನ್ನು ಒತ್ತುವವರೆಗೆ ನಾವು ಹಿಡಿದಿಟ್ಟುಕೊಂಡು ಆಮೇಲೆ ಬಿಟ್ಟುಬಿಡುತ್ತೇವಲ್ಲ, ಅದೂ ಈ ಅಲ್ಪಕಾಲದ ನೆನಪೇ. ಅದು ಬಹಳ ಇಕ್ಕಟ್ಟಾದದ್ದು. ಅದರಲ್ಲಿ ಏಳು ಬಾಬ್ತುಗಳಿಗೆ ಎರಡು ಹೆಚ್ಚು ಕಡಿಮೆ ಜಾಗವಿದೆ ಎಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದರು. ಒಳಗೊಳಗೆ ಉರುಹಚ್ಚಲು ಬಿಡದಿದ್ದರೆ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ ಎಂದು ಈಚಿನ ಸಂಶೋಧಕರು ಹೇಳುತ್ತಾರೆ. ಇದರ ಕೆಲಸ ನಡೆಯುವುದು ಮುಖ್ಯವಾಗಿ ಹಣೆಯ ಹಿಂದಿನ ಮುಂಮಿದುಳಿನ ಭಾಗ ಇತರ ಭಾಗಗಳೊಡನೆ ಕೂಡಿಕೊಂಡು. ಹೀಗಾಗಿಯೇ ನಿಮ್ಮ ಅತ್ತೆಯವರು ಆಡುತ್ತಿರುವ ಮಾತಿನ ಎಳೆಯನ್ನು ಕಡೆಯವರೆಗೆ ಹಿಡಿದಿರಬಲ್ಲರು, ಮನೆಗೆ ಬಂದವರೊಡನೆ ಹತ್ತು ನಿಮಿಷ ಚೆನ್ನಾಗಿ ಹರಟಬಲ್ಲರು. ಬಂದವರು ‘ನಿಮ್ಮ ಅತ್ತಿ ಗಟ್ಟಿ ಅದಾರಲ್ಲ’ ಎಂದು ಹೇಳಿ ಹೋಗುತ್ತಾರೆ, ನಿಮ್ಮ ಕಷ್ಟ ಅವರಿಗೆ ಕಾಣುವುದಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಹೆನ್ರಿಯ ಮುಂದೆ ಜೋಡಿ ಗೆರೆಗಳಿಂದ ಬರೆದ ಒಂದು ನಕ್ಷತ್ರವನ್ನಿಟ್ಟರು. ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು, ಆದರೆ ತನ್ನ ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡಬೇಕು. ಯಾರಿಗಾದರೂ ಇದು ಮೊದಮೊದಲು ತೀರ ಕಠಿಣ, ಕೈ ಹೋಗಬೇಕಾದ ಕಡೆಗೆ ಹೋಗದೆ ಎದುರು ದಿಕ್ಕಿಗೆ ಜಾರುತ್ತದೆ. ಹೆನ್ರಿ ಮೂರು ದಿನ ಅಭ್ಯಾಸ ಮಾಡಿದ. ದಿನದಿಂದ ದಿನಕ್ಕೆ ಅವನ ತಪ್ಪುಗಳು ಕಡಿಮೆಯಾದವು, ಮೂರನೆಯ ದಿನ ಕೈ ಸಲೀಸಾಗಿ ಹರಿಯಿತು. ಅಷ್ಟಾದರೂ ಇಂಥದೊಂದು ಕೆಲಸವನ್ನು ತಾನು ಹಿಂದೆ ಮಾಡಿದ ನೆನಪು ಅವನಿಗೆ ಎಳ್ಳಷ್ಟೂ ಇರಲಿಲ್ಲ. ತಲೆ ಮರೆತದ್ದನ್ನು ಕೈ ಕಲಿತಿತ್ತು. ಕೈಗೆ ಬರುವ ಕೆಲಸದ ನೆನಪಿಗೆ ಹಿಪ್ಪೋಕ್ಯಾಂಪಸ್ಸಿನ ಹಂಗಿಲ್ಲ, ಅದು ಮಿದುಳಿನ ಆಳದಲ್ಲಿರುವ ನರಗಂಟುಗಳಲ್ಲಿ ಮತ್ತು ತಲೆಯ ಹಿಂಭಾಗದ ಕಿರುಮಿದುಳಿನಲ್ಲಿ ನಡೆಯುತ್ತದೆ ಎಂಬುದು ಇಂಥ ಪರೀಕ್ಷೆಗಳಿಂದ ಗಟ್ಟಿಯಾಯಿತು.

ಈಗ ನಿಮ್ಮ ಅತ್ತೆಯವರ ಕೈಯನ್ನು ನೋಡಿರಿ. ಜೋಳದ ಹಿಟ್ಟಿಗೆ ಕುದಿಯುವ ನೀರನ್ನು ಎಷ್ಟು ಹಾಕಬೇಕು, ಯಾವ ಹದಕ್ಕೆ ಬರುವವರೆಗೆ ನಾದಬೇಕು, ಬಡಿಯುವಾಗ ಅಂಚು ಸೀಳದಂತೆ ಎಷ್ಟು ಒತ್ತಿ ಎಷ್ಟು ತಿರುಗಿಸಬೇಕು, ತವೆಗೆ ಹಾಕಿದ ಮೇಲೆ ಯಾವಾಗ ನೀರು ಸವರಿ ಹೊರಳಿಸಬೇಕು, ಇದನ್ನು ಅವರು ಬಾಯಿಂದ ವಿವರಿಸಿ ಹೇಳಲು ಹೋದರೆ ತಡವರಿಸಬಹುದು, ಆದರೆ ಕೈ ತಡವರಿಸುವುದಿಲ್ಲ. ಇಳಕಲ್ಲಿನ ಹಿರಿಯ ನೇಕಾರರಲ್ಲಿಯೂ ಇದನ್ನು ಕಾಣಬಹುದು: ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಸೂಕ್ಷ್ಮ ಕೆಲಸವನ್ನು ಬೆರಳುಗಳು ತಾವೇ ಮಾಡುತ್ತಿರುತ್ತವೆ, ನೇಯುವವರು ಬೇರೆ ಮಾತನಾಡುತ್ತಿರುತ್ತಾರೆ. ಹೊಸ ಘಟನೆಗಳ ನೆನಪು ಕುಂದಿದವರಲ್ಲಿ ಇಂಥ ಕೈಯ ನೆನಪು ಬಹುಕಾಲ ಉಳಿದಿರುತ್ತದೆ. ಹಾಡಿಗೂ ಇಂಥದೇ ಆಸರೆಯಿದೆ. ಬೀಸುವ ಪದದಲ್ಲಿ ಧಾಟಿ, ಪ್ರಾಸ, ಕಲ್ಲು ತಿರುಗುವ ಲಯ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಒಂದು ನುಡಿ ಮುಂದಿನ ನುಡಿಯನ್ನು ತಾನೇ ಎಳೆದು ತರುತ್ತದೆ. ಹರೆಯದಲ್ಲಿ ನಸುಕಿನ ಹೊತ್ತು ಸಾವಿರ ಸಲ ಹಾಡಿದ್ದು ಅಷ್ಟು ಬೇಗ ಅಳಿಯುವುದಿಲ್ಲ.

ಹಾಗಾದರೆ ಹಳೆಯ ಘಟನೆಗಳು, ಮದುವೆಯ ಸೀರೆಗಳು? ಅವು ಕೈಯ ನೆನಪಲ್ಲವಲ್ಲ, ಘಟನೆಯ ನೆನಪೇ ಅಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರಿಸಲು ನೆನಪು ನರಕೋಶದ ಮಟ್ಟದಲ್ಲಿ ಹೇಗೆ ಮೂಡುತ್ತದೆಂಬುದನ್ನು ಸ್ವಲ್ಪ ಹೇಳಬೇಕಾಗುತ್ತದೆ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಬೇರೆ ಕೋಶಗಳೊಡನೆ ನರಸಂಧಿಗಳ ಮೂಲಕ ಸಂಪರ್ಕದಲ್ಲಿರುತ್ತದೆ. ನರಸಂಧಿಯೆಂದರೆ ಎರಡು ಕೋಶಗಳ ನಡುವಿನ ಅತಿಸಣ್ಣ ಕಂದಕ, ಒಂದು ಕೋಶ ಅಲ್ಲಿಗೆ ರಾಸಾಯನಿಕವನ್ನು ಸುರಿಸುತ್ತದೆ, ಇನ್ನೊಂದು ಅದನ್ನು ಸ್ವೀಕರಿಸಿ ಪ್ರತಿಕ್ರಿಯಿಸುತ್ತದೆ. ಒಟ್ಟೊಟ್ಟಿಗೆ ಸಕ್ರಿಯವಾಗುವ ಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ ಮತ್ತು ಕಲಿಕೆಯ ಮೂಲ ಅದೇ ಎಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದ್ದರು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಮೊಲದ ಹಿಪ್ಪೋಕ್ಯಾಂಪಸ್ಸಿನಲ್ಲಿ ಅದನ್ನು ಕಣ್ಣಾರೆ ತೋರಿಸಿದರು: ಒಂದು ನರಮಾರ್ಗಕ್ಕೆ ಕೆಲವು ಕ್ಷಣ ಬಿರುಸಾದ ವಿದ್ಯುತ್ ಪ್ರಚೋದನೆ ಕೊಟ್ಟರೆ, ಆ ಮಾರ್ಗದ ಸಂಧಿಗಳು ಅನಂತರ ಗಂಟೆಗಟ್ಟಲೆ ಹೆಚ್ಚು ಬಲವಾಗಿ ಪ್ರತಿಕ್ರಿಯಿಸುತ್ತಿದ್ದವು. ಸಮುದ್ರದ ಒಂದು ದೊಡ್ಡ ಗೊಂಡೆಹುಳುವಿನ ಕೇವಲ 20,000ದಷ್ಟು ನರಕೋಶಗಳಲ್ಲಿ ಈ ಕೆಲಸದ ಒಳವಿವರಗಳನ್ನು ಹಿಡಿದ ಎರಿಕ್ ಕ್ಯಾಂಡಲ್ ಅವರಿಗೆ 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಅವರ ಕೆಲಸದಿಂದ ತಿಳಿದುಬಂದ ಒಂದು ಸಂಗತಿ ನಿಮ್ಮ ಎರಡೂ ಪ್ರಶ್ನೆಗಳಿಗೆ ಬೇಕಾದದ್ದು. ನಿಮಿಷಗಳ ಮಟ್ಟಿಗಿನ ನೆನಪಿಗೆ ಸಂಧಿಯಲ್ಲಿ ಈಗಾಗಲೇ ಇರುವ ಪದಾರ್ಥಗಳ ಸಣ್ಣ ಬದಲಾವಣೆ ಸಾಕು. ದಿನಗಟ್ಟಲೆ ಉಳಿಯುವ ನೆನಪಿಗೆ ಮಾತ್ರ ಕೋಶವು ತನ್ನ ಜೀನುಗಳನ್ನು ಕೆಲಸಕ್ಕೆ ಹಚ್ಚಿ ಹೊಸ ಪ್ರೋಟೀನನ್ನು ತಯಾರಿಸಬೇಕು, ಹೊಸ ಸಂಧಿಗಳನ್ನು ಬೆಳೆಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಅಪಘಾತದ ಹಿಂದಿನ ಕೆಲವು ನಿಮಿಷಗಳು ಎಂದಿಗೂ ನೆನಪಾಗದಿರುವುದು ಹೀಗಾಗಿಯೇ: ಆ ನಿಮಿಷಗಳು ಇನ್ನೂ ಗಟ್ಟಿಯಾಗಿರಲಿಲ್ಲ. ಪೊಲೀಸರೆದುರು ‘ಏನಾಯಿತೋ ಗೊತ್ತಿಲ್ಲ’ ಎನ್ನುವ ಗಾಯಾಳು ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆಂದು ಮನೆಯವರೇ ತಿಳಿಯುವುದುಂಟು. ಅದು ಅನ್ಯಾಯ.

ಒಂದು ಮದುವೆಯ ದಿನವೆಂದರೆ ಕಂಡದ್ದು, ಕೇಳಿದ್ದು, ಮೂಗಿಗೆ ಬಂದ ವಾಸನೆ, ಮನಸ್ಸಿಗಾದ ಸಂತೋಷ ಅಥವಾ ಅಂಜಿಕೆ ಎಲ್ಲ ಸೇರಿದ್ದು. ಇವು ಮಿದುಳಿನ ಹೊರಪದರದ ಬೇರೆ ಬೇರೆ ಕಡೆಗಳಲ್ಲಿ ನಡೆಯುವ ಚಟುವಟಿಕೆಗಳು: ಕಂಡದ್ದು ಹಿಂಭಾಗದಲ್ಲಿ, ಕೇಳಿದ್ದು ಬದಿಗಳಲ್ಲಿ. ಈ ಚದುರಿದ ತುಣುಕುಗಳೆಲ್ಲ ಒಂದೇ ದಿನದ್ದು, ಒಂದೇ ಜಾಗದ್ದು ಎಂದು ಕೂಡಿಸುವ ಕೆಲಸ ಹಿಪ್ಪೋಕ್ಯಾಂಪಸ್ಸಿನದು. ಮೊದಮೊದಲು ಆ ಕೂಡಿಕೆ ಇಲ್ಲದೆ ಘಟನೆ ನೆನಪಾಗಲಾರದು. ಆದರೆ ನಾವು ಒಂದು ಸಂಗತಿಯನ್ನು ಮತ್ತೆ ಮತ್ತೆ ನೆನೆದು, ಮತ್ತೆ ಮತ್ತೆ ಹೇಳಿ, ವರ್ಷಗಳು ಕಳೆದಂತೆ ಹೊರಪದರದ ಆ ತುಣುಕುಗಳ ನಡುವೆಯೇ ನೇರ ಸಂಪರ್ಕಗಳು ಬಲಗೊಳ್ಳುತ್ತವೆ, ಹಿಪ್ಪೋಕ್ಯಾಂಪಸ್ಸಿನ ಅವಲಂಬನೆ ತಗ್ಗುತ್ತದೆ. ಬಹಳ ವಿವರವಾದ ಹಳೆಯ ನೆನಪುಗಳಿಗೂ ಅದು ಕೊನೆಯವರೆಗೆ ಬೇಕೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ, ಆದರೆ ಹಳೆಯದು ಹೊಸದಕ್ಕಿಂತ ಗಟ್ಟಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಲ್ಲದೆ ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ನಡೆದ ಸಂಗತಿಗಳೇ ಮುಪ್ಪಿನಲ್ಲಿ ಹೆಚ್ಚಾಗಿ ನೆನಪಿಗೆ ಬರುವುದು ಎಲ್ಲ ಕಡೆಯೂ ಕಂಡುಬಂದಿದೆ. ಮದುವೆ, ಮೊದಲ ಹೆರಿಗೆ, ಹೊಸ ಊರು, ಹೊಸ ಮನೆ ಎಲ್ಲ ಆ ವರ್ಷಗಳಲ್ಲೇ ಬರುತ್ತವೆ. ಅವುಗಳ ಜೊತೆಗಿರುವ ಭಾವದ ತೀವ್ರತೆಯನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಹಿಪ್ಪೋಕ್ಯಾಂಪಸ್ಸಿನ ಪಕ್ಕದಲ್ಲೇ ಇದ್ದು, ನೆನಪು ಗಟ್ಟಿಯಾಗುವಂತೆ ಒತ್ತಾಸೆ ಕೊಡುತ್ತದೆ.

ಮುಪ್ಪಿನ ಮರೆಗುಳಿತನಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣವಾದ ಅಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಈ ಹಿಪ್ಪೋಕ್ಯಾಂಪಸ್ಸನ್ನೂ ಅದಕ್ಕೆ ಹೊಂದಿಕೊಂಡ ಹೊರಪದರವನ್ನೂ. ಹೊಸದನ್ನು ಕೂಡಿಸುವ ಭಾಗವೇ ಮೊದಲು ಸೊರಗುವುದರಿಂದ ಇಂದಿನ ಊಟ ನೆನಪಾಗಿ ಮೂಡುವುದೇ ಇಲ್ಲ. ಅವರು ಉಂಡದ್ದನ್ನು ಮರೆತಿದ್ದಾರೆ ಎನ್ನುವುದಕ್ಕಿಂತ, ಉಂಡದ್ದು ಅವರಲ್ಲಿ ದಾಖಲಾಗಲೇ ಇಲ್ಲ ಎನ್ನುವುದು ಹೆಚ್ಚು ಸರಿ. ‘ಈಗ ತಾನೇ ಉಂಡಿರಲ್ಲ, ಸ್ವಲ್ಪ ನೆನಪು ಮಾಡಿಕೊಳ್ಳಿರಿ’ ಎಂದು ಎಷ್ಟು ಒತ್ತಾಯಿಸಿದರೂ ಎತ್ತಲು ಅಲ್ಲಿ ಏನೂ ಇರುವುದಿಲ್ಲ.

ಇನ್ನು ಸಂಚಿಯ ವಿಷಯ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ನೋವಿನ ಭಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೆನಪು ಮಾಡಿಕೊಳ್ಳುವುದೆಂದರೆ ಇಟ್ಟದ್ದನ್ನು ಇಟ್ಟ ಹಾಗೆಯೇ ಹೊರತೆಗೆಯುವುದೆಂದು ನಾವು ತಿಳಿದಿರುತ್ತೇವೆ. ನಮ್ಮ ಭಾಗದ ಸಣ್ಣಾಟವನ್ನು ನೀವು ನೋಡಿರುತ್ತೀರಿ. ಪ್ರಸಂಗ ಅದೇ, ಹಾಡುಗಳೂ ಅವೇ, ಆದರೆ ನಡುವಿನ ಮಾತುಗಳನ್ನು ಪಾತ್ರಧಾರಿಗಳು ಆ ರಾತ್ರಿ ಆ ರಂಗದ ಮೇಲೆಯೇ ಕಟ್ಟುತ್ತಾರೆ, ಎದುರಿಗೆ ಕುಳಿತ ಮಂದಿಯನ್ನು ನೋಡಿ ಕಟ್ಟುತ್ತಾರೆ. ನೆನಪು ಹಾಗೆಯೇ ನಡೆಯುತ್ತದೆ. ಘಟನೆಯ ಹಂದರ ಮತ್ತು ಕೆಲವು ಗಟ್ಟಿ ತುಣುಕುಗಳು ಮಿದುಳಿನಲ್ಲಿ ಉಳಿದಿರುತ್ತವೆ. ನಡುವಿನ ತೆರಪುಗಳನ್ನು ಮಿದುಳು ತನಗೆ ಗೊತ್ತಿರುವ ಲೋಕಜ್ಞಾನದಿಂದ, ಆ ಹೊತ್ತಿನ ಮನಃಸ್ಥಿತಿಯಿಂದ, ಎದುರಿನವರು ಕೇಳಿದ ಪ್ರಶ್ನೆಯಿಂದ ತುಂಬಿಕೊಳ್ಳುತ್ತದೆ. ತುಂಬಿದ್ದೆಂಬ ಅರಿವು ನೆನೆಯುವವರಿಗೆ ಇರುವುದಿಲ್ಲ.

ಆರೋಗ್ಯವಂತ ಕಾಲೇಜು ವಿದ್ಯಾರ್ಥಿಗಳಲ್ಲಿಯೇ ಇದು ಸಿದ್ಧವಾಗಿದೆ. ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರವನ್ನು ತೋರಿಸಿ, ಕೆಲವರಿಗೆ ‘ಕಾರುಗಳು ಗುದ್ದಿಕೊಂಡು ನುಜ್ಜುಗುಜ್ಜಾದಾಗ ಎಷ್ಟು ವೇಗದಲ್ಲಿದ್ದವು’ ಎಂದೂ ಇನ್ನು ಕೆಲವರಿಗೆ ‘ಕಾರುಗಳು ತಾಗಿದಾಗ’ ಎಂದೂ ಬೇರೆ ಬೇರೆ ಕ್ರಿಯಾಪದಗಳಿಂದ ಪ್ರಶ್ನೆ ಕೇಳಿದರು. ಬಿರುಸಾದ ಪದ ಕೇಳಿದವರು ಹೆಚ್ಚಿನ ವೇಗವನ್ನು ಹೇಳಿದರು. ಇನ್ನೊಂದು ಗುಂಪಿನ ಪ್ರಯೋಗದಲ್ಲಿ ವಾರದ ನಂತರ ‘ಒಡೆದ ಗಾಜನ್ನು ಕಂಡಿರಾ’ ಎಂದು ಕೇಳಿದರೆ, ಬಿರುಸಾದ ಪದ ಕೇಳಿದ್ದವರಲ್ಲಿ 32 ಪ್ರತಿಶತ ಮಂದಿ ಹೌದೆಂದರು, ಸಾಧಾರಣ ಪದ ಕೇಳಿದ್ದವರಲ್ಲಿ 14 ಪ್ರತಿಶತ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆಸ್ತಿ ಪಾಲಿನ ಸಮಯದಲ್ಲಿ ಅಪ್ಪ ಏನು ಹೇಳಿದ್ದರೆಂದು ಅಣ್ಣತಮ್ಮಂದಿರು ಇಬ್ಬರೂ ದೇವರ ಮೇಲೆ ಆಣೆ ಮಾಡಿ ಬೇರೆ ಬೇರೆ ಹೇಳುವಾಗ, ಅವರಲ್ಲಿ ಒಬ್ಬ ಸುಳ್ಳನೇ ಆಗಿರಬೇಕಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಅತ್ತೆಯವರ ಸ್ಥಿತಿಯನ್ನು ಯೋಚಿಸಿರಿ. ಸಂಚಿ ತಮ್ಮದು, ಅದರಲ್ಲಿ ದುಡ್ಡಿತ್ತು ಎಂಬ ಹಳೆಯ, ಗಟ್ಟಿಯಾದ ತಿಳಿವಳಿಕೆ ಅವರಲ್ಲಿದೆ. ಅದನ್ನು ತಾವೇ ಜೋಳದ ಚೀಲದ ಹಿಂದೆ ಮುಚ್ಚಿಟ್ಟ ಘಟನೆ ದಾಖಲಾಗಿಲ್ಲ. ಅವರ ಮಟ್ಟಿಗೆ ಅದನ್ನು ತಾವು ಮುಟ್ಟಿಲ್ಲ, ಆದರೂ ಅದು ಇಟ್ಟ ಜಾಗದಲ್ಲಿಲ್ಲ. ಇಂಥ ತೆರಪನ್ನು ತುಂಬಲು ಮಿದುಳಿಗೆ ಸಿಗುವ ಅತ್ಯಂತ ಸಹಜವಾದ ಕಾರಣವೆಂದರೆ ಯಾರೋ ತೆಗೆದಿರಬೇಕು ಎಂಬುದು. ಯಾರು? ಇಡೀ ದಿನ ಹತ್ತಿರವಿದ್ದು ಆ ಕೋಣೆಗೆ ಹೋಗಿಬರುವವರು ನೀವೇ. ಎಲ್ಲರಿಗಿಂತ ಹೆಚ್ಚು ಸೇವೆ ಮಾಡುವವರ ಮೇಲೆಯೇ ಆಪಾದನೆ ಬರುವುದು ಈ ಕಾಯಿಲೆಯಲ್ಲಿ ಅಷ್ಟು ಸಾಮಾನ್ಯವಾದದ್ದರಿಂದ, ಮನೆಯವರು ಅದನ್ನು ಹೇಳಿದೊಡನೆ ವೈದ್ಯರ ಗಮನ ಮರೆವಿನ ಕಾಯಿಲೆಯ ಕಡೆಗೆ ತಿರುಗುತ್ತದೆ. ಈ ಮಾತನ್ನು ನಿಮ್ಮ ಯಜಮಾನರಿಗೂ ನಾದಿನಿಯರಿಗೂ ನೀವೇ ಹೇಳಿದರೆ ಸಮರ್ಥಿಸಿಕೊಂಡಂತೆ ಕಾಣಬಹುದು, ಈ ಉತ್ತರವನ್ನೇ ಅವರಿಗೆ ಓದಲು ಕೊಡಿರಿ.

ಸಂಚಿ ಕಾಣೆಯಾದಾಗ ವಾದ ಮಾಡಬೇಡಿರಿ, ‘ನೀವೇ ಇಟ್ಟಿದ್ದು’ ಎಂದು ಸಾಧಿಸಬೇಡಿರಿ. ‘ಬರ್ರಿ ಅತ್ತಿ, ಇಬ್ಬರೂ ಹುಡುಕೂಣು’ ಎಂದು ಅವರ ಜೊತೆ ಹೋಗಿರಿ, ಸಾಧ್ಯವಾದರೆ ಅವರ ಕೈಯಿಂದಲೇ ಅದು ಸಿಗುವಂತೆ ಮಾಡಿರಿ. ಘಟನೆಯ ನೆನಪು ಉಳಿಯದಿದ್ದರೂ ಅದು ಎಬ್ಬಿಸಿದ ಭಾವ ಉಳಿಯುತ್ತದೆ. ಬೈಸಿಕೊಂಡದ್ದು ಮರೆತುಹೋಗುತ್ತದೆ, ಮನಸ್ಸಿಗಾದ ಕಹಿ ಸಂಜೆಯವರೆಗೂ ಇರುತ್ತದೆ, ಏಕೆ ಕಹಿಯಾಗಿದೆ ಎಂಬುದು ಮಾತ್ರ ಅವರಿಗೇ ತಿಳಿಯುವುದಿಲ್ಲ. ಅವರು ಹೆಚ್ಚಾಗಿ ವಸ್ತುಗಳನ್ನು ಎಲ್ಲಿ ಮುಚ್ಚಿಡುತ್ತಾರೆಂದು ನೋಡಿಟ್ಟುಕೊಳ್ಳಿರಿ. ಗೋಡೆಯ ಒಂದೇ ಗೂಟಕ್ಕೆ ಪ್ರತಿದಿನ ಸಂಚಿಯನ್ನು ಅವರ ಕೈಯಿಂದಲೇ ಹಾಕಿಸುತ್ತ ಬಂದರೆ, ಕೈಯ ನೆನಪು ಉಳಿದಿರುವುದರಿಂದ, ವಾರಗಳು ಕಳೆದಂತೆ ಅದು ರೂಢಿಯಾಗುವ ಸಾಧ್ಯತೆ ಇದೆ. ಊಟದ ವಿಷಯದಲ್ಲಿ, ಒಮ್ಮೆಲೇ ಪೂರ್ತಿ ಬಡಿಸುವ ಬದಲು ಸ್ವಲ್ಪ ಉಳಿಸಿಕೊಂಡು, ಮತ್ತೆ ಕೇಳಿದಾಗ ಅರ್ಧ ರೊಟ್ಟಿ ಹಾಲಿನಲ್ಲಿ ಕಲಸಿ ಕೊಟ್ಟರೆ ಜಗಳವೂ ಇಲ್ಲ, ಹೊಟ್ಟೆಗೆ ಭಾರವೂ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಈ ಲೆಕ್ಕವನ್ನು ವೈದ್ಯರೊಡನೆ ಮಾತಾಡಿಕೊಳ್ಳಿರಿ.

ಮಗನ ಪ್ರಶ್ನೆ ಇದಕ್ಕಿಂತ ಸರಳ. ಅವನ ಮಿದುಳಿನಲ್ಲಿ ಯಾವ ಭಾಗವೂ ಸೊರಗಿಲ್ಲ, ಓದುವ ರೀತಿ ಮಾತ್ರ ನೆನಪು ಗಟ್ಟಿಯಾಗುವ ರೀತಿಗೆ ಹೊಂದುತ್ತಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಯ ನಂತರ ಅವನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆಂದು ಅಳೆದ. ಇಪ್ಪತ್ತು ನಿಮಿಷಕ್ಕೆ 58 ಪ್ರತಿಶತ, ಒಂದು ಗಂಟೆಗೆ 44, ಒಂದು ದಿನಕ್ಕೆ 34. ಅನಂತರ ಇಳಿತ ನಿಧಾನವಾಗಿ, ಒಂದು ತಿಂಗಳಿಗೂ 21 ಪ್ರತಿಶತ ಉಳಿದಿತ್ತು. ಅರ್ಥವಿರುವ ಪಾಠ ಇದಕ್ಕಿಂತ ಚೆನ್ನಾಗಿ ಉಳಿಯುತ್ತದೆ, ಆದರೆ ಮೊದಲ ಗಂಟೆ, ಮೊದಲ ದಿನದಲ್ಲೇ ಹೆಚ್ಚು ಸೋರಿಹೋಗುತ್ತದೆ ಎಂಬ ಮಾತು ಅದಕ್ಕೂ ನಿಜ. ಆ ಸೋರಿಕೆಯನ್ನು ತಡೆಯಲು ಮಕ್ಕಳು ಸಾಮಾನ್ಯವಾಗಿ ಮಾಡುವುದು ಅದೇ ಪುಟವನ್ನು ನಾಲ್ಕು ಸಲ ಓದುವುದು. ನಾಲ್ಕನೆಯ ಸಲ ಓದುವಾಗ ಎಲ್ಲ ಪರಿಚಿತವೆನಿಸುತ್ತದೆ, ‘ಬಂತು’ ಎನಿಸುತ್ತದೆ. ಕಂಡರೆ ಗುರುತು ಹಿಡಿಯುವುದು ಬೇರೆ, ಕಾಣದೆ ಹೇಳುವುದು ಬೇರೆ. ಪರೀಕ್ಷೆಯಲ್ಲಿ ಬೇಕಾಗುವುದು ಎರಡನೆಯದು.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೈಸ್ಕೂಲಿನ ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕೆಂದು ನನ್ನ ಅಭಿಪ್ರಾಯ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದುವ ನಾಲ್ಕು ಅವಧಿಗಳನ್ನೂ ಓದುವುದರಲ್ಲೇ ಕಳೆದರು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಗದ್ಯವನ್ನು ನೋಡದೆ ನೆನಪಾದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ವಾರದ ನಂತರ ಓದಿದವರಿಗೆ ಉಳಿದದ್ದು 40 ಪ್ರತಿಶತ, ಬರೆದವರಿಗೆ 61. ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಮಾತ್ರ ಓದಿದವರಿಗೇ ಹೆಚ್ಚಾಗಿತ್ತು. ಎತ್ತಿ ಹೇಳುವ ಪ್ರಯತ್ನವೇ ಸಂಪರ್ಕವನ್ನು ಬಲಪಡಿಸುತ್ತದೆ. ಆದ್ದರಿಂದ ನಿಮ್ಮ ಮಗ ಒಂದು ಸಲ ಅರ್ಥಮಾಡಿಕೊಂಡು ಓದಲಿ, ಪುಸ್ತಕ ಮುಚ್ಚಲಿ, ನೆನಪಾದಷ್ಟನ್ನು ಬರೆಯಲಿ, ಬಿಟ್ಟುಹೋದದ್ದನ್ನಷ್ಟೇ ತೆರೆದು ನೋಡಲಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಹೀಗೆಯೇ ಮಾಡಲಿ. ನೀವು ಸಂಜೆ ಅಡುಗೆಗೆ ಕುಳಿತಾಗ ಎದುರಿಗೆ ಕುಳಿತು ಪಾಠವನ್ನು ಹೇಳಲಿ, ನಿಮಗೆ ವಿಜ್ಞಾನ ಗೊತ್ತಿರಬೇಕೆಂದಿಲ್ಲ, ‘ಅದ್ಯಾಕ ಹಂಗ?’ ಎಂದು ನಡುನಡುವೆ ಕೇಳಿದರೆ ಸಾಕು. ಪಕ್ಕದಲ್ಲಿ ಮೊಬೈಲ್ ಬೇಡ. ಗಮನ ಕೊಡದ್ದು ಅಲ್ಪಕಾಲದ ನೆನಪಿನೊಳಗೇ ಬರುವುದಿಲ್ಲ.

ಹನ್ನೆರಡರವರೆಗೆ ಎಚ್ಚರವಿರುವುದನ್ನು ಬಿಡಿಸಿರಿ. ನಿದ್ದೆಯಲ್ಲಿ ಮಿದುಳು ಸುಮ್ಮನಿರುವುದಿಲ್ಲ. ಹಗಲು ದಾರಿಯಲ್ಲಿ ಓಡಾಡಿದ ಇಲಿಗಳ ಹಿಪ್ಪೋಕ್ಯಾಂಪಸ್ಸಿನಲ್ಲಿ ಒಟ್ಟಾಗಿ ಸಕ್ರಿಯವಾಗಿದ್ದ ಕೋಶಗಳೇ ಆಮೇಲಿನ ಗಾಢ ನಿದ್ದೆಯಲ್ಲೂ ಮತ್ತೆ ಒಟ್ಟಾಗಿ ಸಕ್ರಿಯವಾಗುವುದನ್ನು ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ಹಗಲಿನ ಕಲಿಕೆ ಹೊರಪದರದಲ್ಲಿ ನೆಲೆಯೂರಲು ಈ ಪುನರಾವರ್ತನೆ ನೆರವಾಗುತ್ತದೆಂದು ತಿಳಿಯಲಾಗಿದೆ. ಹತ್ತನೆಯ ತರಗತಿಯ ವಯಸ್ಸಿಗೆ ಎಂಟು ಗಂಟೆಯ ನಿದ್ದೆ ಬೇಕು, ಅದನ್ನು ಕಡಿದು ಓದುವುದು ಅವನಿಗೇ ನಷ್ಟ. ನೆನಪಿನ ಶಕ್ತಿ ಹೆಚ್ಚಿಸುತ್ತದೆಂದು ಜಾಹೀರಾತು ಕೊಡುವ ಪುಡಿ, ಟಾನಿಕ್‌ಗಳಿಗೆ ದುಡ್ಡು ಹಾಕಬೇಡಿರಿ. ಆರೋಗ್ಯವಾಗಿರುವ ಹುಡುಗನ ನೆನಪನ್ನು ಹೆಚ್ಚಿಸಿ ಅಂಕ ತಂದುಕೊಡುವುದೆಂದು ಸಿದ್ಧವಾದ ಔಷಧ ಯಾವುದೂ ಇಲ್ಲ.

ಅತ್ತೆಯವರನ್ನು ಮಾತ್ರ ‘ವಯಸ್ಸಾತು, ಅರಳುಮರಳು’ ಎಂದು ಮನೆಯಲ್ಲೇ ಬಿಡಬೇಡಿರಿ. ನಿಮ್ಮ ವಿವರಣೆ ಅಲ್ಝೈಮರ್‌ಗೆ ಹೊಂದುತ್ತದೆ, ಆದರೆ ನೋಡದೆ ಅದೇ ಎನ್ನಲಾಗದು, ಮತ್ತು ಇದೇ ರೀತಿ ಕಾಣುವ ಕೆಲವು ಕಾರಣಗಳಿಗೆ ಚಿಕಿತ್ಸೆಯಿದೆ. ವಿಟಮಿನ್ ಬಿ12ರ ಕೊರತೆ, ಥೈರಾಯ್ಡ್ ಕಡಿಮೆಯಾಗುವುದು, ಬಾಯಿಬಿಟ್ಟು ಹೇಳದ ಖಿನ್ನತೆ, ನಿದ್ದೆಯ ಮಾತ್ರೆ ಮತ್ತು ಇನ್ನು ಕೆಲವು ಮಾತ್ರೆಗಳು, ಬಿದ್ದು ತಲೆಗೆ ಪೆಟ್ಟಾದ ವಾರಗಳ ಮೇಲೆ ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ಕೂಡಿಕೊಳ್ಳುವ ರಕ್ತ, ಇವೆಲ್ಲ ಮರೆವಿನ ರೂಪದಲ್ಲೇ ಬರಬಹುದು. ಕಿವಿ ಮಂದವಾಗಿದ್ದರೆ ಹೇಳಿದ್ದು ಕೇಳಿಸದೆಯೂ ಮರೆತಂತೆ ಕಾಣುತ್ತದೆ. ಕಿವುಡುತನ ಮರೆಗುಳಿತನದ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದು, ಆದ್ದರಿಂದ ಅದನ್ನೂ ತೋರಿಸಿರಿ. ರಕ್ತಪರೀಕ್ಷೆ, ಮಿದುಳಿನ ಸ್ಕ್ಯಾನ್ ಮತ್ತು ಅರ್ಧ ಗಂಟೆಯ ನೆನಪಿನ ಪರೀಕ್ಷೆಯಿಂದ ಬಹಳಷ್ಟು ತಿಳಿಯುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಅಲ್ಝೈಮರ್ ಎಂದೇ ಗೊತ್ತಾದರೆ, ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಲ್ಲಿ ಕೆಲಕಾಲ ಲಕ್ಷಣಗಳನ್ನು ಸ್ವಲ್ಪ ತಗ್ಗಿಸುತ್ತವೆ, ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಗುಣಪಡಿಸುತ್ತೇನೆಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ತೋರಿಸಲು ಹೋಗುವಾಗ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿಗಳನ್ನೂ ಒಯ್ಯಿರಿ, ನಾಟಿ ಔಷಧವಿದ್ದರೆ ಅದನ್ನೂ. ಮೊದಲು ಏನನ್ನು ಮರೆಯತೊಡಗಿದರು, ಯಾವ ಹಬ್ಬದ ಅಥವಾ ಯಾವ ಸುಗ್ಗಿಯ ಸುಮಾರಿಗೆ ಅದು ಗಮನಕ್ಕೆ ಬಂತು, ಅಂದಿನಿಂದ ನಿಧಾನವಾಗಿ ಹೆಚ್ಚಿತೋ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿತೋ, ದಾರಿ ತಪ್ಪಿದ್ದುಂಟೇ, ಬಿದ್ದದ್ದುಂಟೇ, ನಿದ್ದೆ ಹೇಗಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿರಿ. ಅವರ ಎದುರಿಗೆ ಹೇಳಲಾಗದ್ದನ್ನು ವೈದ್ಯರಿಗೆ ಆ ಹಾಳೆಯಲ್ಲೇ ಕೊಡಬಹುದು. ಒಂದೂವರೆ ವರ್ಷದಲ್ಲಿ ಬೆಳೆದ ಮರೆವಿಗೆ ಈ ತಿಂಗಳೋ ಮುಂದಿನ ತಿಂಗಳೋ ತೋರಿಸಿದರೂ ನಡೆದೀತು. ಆದರೆ ಎಂದಾದರೂ ಒಂದೆರಡು ದಿನದಲ್ಲೇ ಗೊಂದಲ ಒಮ್ಮೆಲೇ ಹೆಚ್ಚಾದರೆ, ಜ್ವರದೊಡನೆ ಏನೇನೋ ಮಾತನಾಡತೊಡಗಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಕಾಲು ಸೋತರೆ ಅದನ್ನು ಮರೆವಿನ ಲೆಕ್ಕಕ್ಕೆ ಸೇರಿಸದೆ, ಬೆಳಗಾಗುವವರೆಗೆ ಕಾಯದೆ, 108 ಆಂಬುಲೆನ್ಸಿಗೆ ಫೋನು ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.